ವಿಳಾಸವಿಲ್ಲದ ಮತದಾರರು

ಶುಕ್ರವಾರ, ೧೩ ಫೆಬ್ರವರಿ ೨೦೦೯

ದೋಹಾದ ಬಿನ್ ಒಮ್ರಾನಿನ ಹೋಟೆಲೊಂದರ ಮಹಡಿಯಲ್ಲಿ ನಮ್ಮ ಕರಾವಳಿ ಬಳಗದ ಸಭೆ. ಹಾಜರಿ ಸುಮಾರು ಮೂವತ್ತು. ಅರ್ಧದಷ್ಟು ಜನ ಗೋಳಿಬಜೆಯ ಹೊತ್ತಿಗೆ ಬಂದವರು. ಅಧ್ಯಕ್ಷ ಆಲ್ಬರ್ಟ್ ಸಲ್ದಾನಾ ಗಂಭೀರವಾಗಿ ಮಾತನಾಡಿದರು. ಊರಿನಲ್ಲಿ ಲೋಕಸಭೆಯ ಚುನಾವಣೆ ಬರುತ್ತಿದೆ. ಕೊಲ್ಲಿಯಿಂದ ನಾವು ದುಡಿಮೆಯನ್ನು ಕಳಿಸಬಹುದು, ಮತವನ್ನು ಕಳಿಸಲಾಗದು. ಸೈನಿಕನಿಗೆ ಅಂಚೆ ಮತ ಉಂಟು, ಮರಳುಗಾಡಿನಲ್ಲಿ ದುಡಿಯುವವನಿಗೆ ಇಲ್ಲ. ಆದ್ದರಿಂದ ನಮಗೂ ಆ ಹಕ್ಕು ಬೇಕೆಂದು ದೆಹಲಿಗೆ ಮನವಿ ಸಲ್ಲಿಸತಕ್ಕದ್ದು. ದೀರ್ಘ ಚಪ್ಪಾಳೆ.

ಕರಡು ಬರೆಯಲು ನನ್ನ ಹೆಸರು ಸೂಚಿಸಿದವನು ಕಿರಿಯ ಗೆಳೆಯ ಬೆನ್ನಿ, ಕೊಂಕಣಿಯ ಗೌರವದ 'ಬಾಬ್' ಸೇರಿಸಿಯೇ ನನ್ನನ್ನು ಕರೆಯುವವನು. "ಗೇಬ್ರಿಯಲ್ ಬಾಬ್ ಬರೆದರೆ ಕಾಮಾ ಕೂಡ ಕ್ಯಾಲಿಬ್ರೇಟ್ ಆಗಿರ್ತದೆ" ಎಂದ. ನೀರಿನ ಸ್ಥಾವರದಲ್ಲಿ ಮಾಪಕಗಳನ್ನು ತಿದ್ದಿ ಬದುಕುವವನಿಗೆ ಈ ಹಾಸ್ಯ ಹೊಸದಲ್ಲ.

ನಾನು ಒಂದು ಸಂಗತಿಯನ್ನು ಮಾತ್ರ ಗಮನಕ್ಕೆ ತಂದೆ. ನಮ್ಮ ಬಳಗದ ಅಧ್ಯಕ್ಷರು ಹನ್ನೊಂದು ವರ್ಷಗಳಿಂದ ಕಾಫಿ ಆರುವ ಮೊದಲೇ ಅವಿರೋಧವಾಗಿ ಆಯ್ಕೆಯಾಗುತ್ತಿದ್ದಾರೆ. ನೀವು ನಿಮ್ಮಲ್ಲೇ ಅಂಚೆ ಮತವನ್ನು ಪ್ರಯೋಗಿಸಿ ನೋಡಿದ್ದೀರಾ ಎಂದು ದೆಹಲಿ ಕೇಳಿದರೆ ಉತ್ತರವೇನು? ಇದು ಟೀಕೆಯಲ್ಲ, ತಾಂತ್ರಿಕ ಪ್ರಶ್ನೆ ಎಂದೂ ಸೇರಿಸಿದೆ.

ಆಲ್ಬರ್ಟ್ ಕಾಫಿ ಲೋಟ ಕೆಳಗಿಟ್ಟರು. "ಒಳ್ಳೆ ಪಾಯಿಂಟ್. ನಮ್ಮಲ್ಲೇ ಮೊದಲು ಮಾಡಿ ತೋರಿಸುವ. ಚುನಾವಣಾಧಿಕಾರಿ ನೀವೇ."

ಮನೆಗೆ ಬಂದು ಜರ್ಟ್ರೂಡ್‌ಗೆ ಹೇಳಿದೆ. ಅವಳು ನಕ್ಕಳು. "ನಾಳೆಗೆ ಮೀನು ಬಂಗುಡೆಯೋ ಅಂಜಲೋ ಎಂದರೆ ಮದುವೆಯಾದಂದಿನಿಂದ ಒಂದೇ ಉತ್ತರ, ಯಾವುದಾದರೂ ಆದೀತು. ನಿಮಗೆ ಚುನಾವಣೆ ಕೊಟ್ಟರಾ?"

ಯಾವ ಕಡೆಗೂ ವಾಲದಿರುವುದೇ ಈ ಹುದ್ದೆಯ ಅರ್ಹತೆ ಎಂದು ವಿವರಿಸಿದೆ.

ಭಾನುವಾರ, ೨೨ ಫೆಬ್ರವರಿ

ನಿಯಮಾವಳಿ ಸಿದ್ಧವಾಯಿತು. ಮತಪತ್ರ ಒಳಗಿನ ಖಾಲಿ ಲಕೋಟೆಗೆ. ಆ ಲಕೋಟೆ ಹೊರಗಿನದಕ್ಕೆ. ಹೊರಗಿನದರ ಮೇಲೆ ಸದಸ್ಯನ ಸಂಖ್ಯೆ ಮತ್ತು ಸಹಿ. ಯಾರು ಮತ ಹಾಕಿದರೆಂದು ತಿಳಿಯುತ್ತದೆ, ಯಾರಿಗೆ ಎಂದು ತಿಳಿಯುವುದಿಲ್ಲ. ಓದು ಬಾರದವರಿಗಾಗಿ ಪ್ರತಿ ಅಭ್ಯರ್ಥಿಗೂ ಒಂದು ಚಿಹ್ನೆ. ಎಲ್ಲಿಯೂ ಸೋರಿಕೆಯಿಲ್ಲ.

ಮಗಳು ನಟಾಶಾ ಓದಿ ನೋಡಿದಳು. ಅವಳ ಕನ್ನಡ ಶಾಲೆಯಲ್ಲಿ ಕಲಿತದ್ದಲ್ಲ, ನಮ್ಮ ಜಗಳಗಳಿಂದ ಕಲಿತದ್ದು. "ಡ್ಯಾಡಿ, ಇದು ವೋಟಾ, ಬಾಂಬ್ ಡಿಫ್ಯೂಸ್ ಮಾಡುವುದಾ?"

ಶುಕ್ರವಾರ, ೨೭ ಫೆಬ್ರವರಿ

ಬೆನ್ನಿಯ ಕಾರಿನಲ್ಲಿ ಇಂಡಸ್ಟ್ರಿಯಲ್ ಏರಿಯಾಕ್ಕೆ. ಬಳಗದ ಸದಸ್ಯರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಜನ ಅಲ್ಲಿನ ಒಂದೇ ಕ್ಯಾಂಪಿನವರು, ಆಲ್ಬರ್ಟ್ ಜನರಲ್ ಮ್ಯಾನೇಜರ್ ಆಗಿರುವ ಕಂಪನಿಯ ಕೆಲಸಗಾರರು. ಬಳಗ ದೊಡ್ಡದೆಂದು ಕಾಣಲೆಂದು ಮೂರು ವರ್ಷಗಳ ಹಿಂದೆ ಆಲ್ಬರ್ಟ್ ಅವರನ್ನೆಲ್ಲ ಒಟ್ಟಿಗೇ ಸೇರಿಸಿದ್ದರು. ಅವರಲ್ಲಿ ಒಬ್ಬನೂ ಸಭೆಗೆ ಬಂದದ್ದಿಲ್ಲ. ಕಂಪನಿಯ ಬಸ್ಸು ಸೈಟಿಗೆ ಹೋಗುತ್ತದೆ, ಬಿನ್ ಒಮ್ರಾನಿಗೆ ಹೋಗುವುದಿಲ್ಲ.

ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ನಿಂತು ಅಂಚೆ ಮತದ ಮಹತ್ವವನ್ನು ವಿವರಿಸಿದೆ. ಕೇಳಿದವರಲ್ಲಿ ಒಬ್ಬ ಸ್ಕ್ಯಾಫೋಲ್ಡಿಂಗ್ ಫೋರ್ಮನ್, ಹೆಸರು ತನಿಯ, ಬೆಳ್ಮಣ್ಣಿನ ಕಡೆಯವನು, ನಲವತ್ತೈದರ ಆಸುಪಾಸು.

"ಪೊರ್ಬುಲೆ," ಎಂದ. ತುಳುವರು ನಮ್ಮ ಕ್ರೈಸ್ತರನ್ನು ಕರೆಯುವ ಈ ಮಾತು ಕೇಳಿ ಬಹಳ ಕಾಲವಾಗಿತ್ತು. "ಈ ಓಟು ಹಾಕಿದರೆ ಡಾಕ್ಟರು ಬರ್ತಾರಾ?"

ಯಾವ ಡಾಕ್ಟರು ಎಂದೆ.

ಬಳಗ ವರ್ಷಕ್ಕೊಮ್ಮೆ ಉಚಿತ ವೈದ್ಯಕೀಯ ತಪಾಸಣೆ ನಡೆಸುತ್ತದೆ, ಬಿನ್ ಒಮ್ರಾನಿನ ಕ್ಲಿನಿಕ್ಕಿನಲ್ಲಿ. ಕ್ಯಾಂಪಿನವರಿಗಾಗಿಯೇ ಎಂದು ಬ್ಯಾನರಿನಲ್ಲಿರುತ್ತದೆ. ಹೋಗುವವರು ಬಿನ್ ಮಹಮೂದ್, ಬಿನ್ ಒಮ್ರಾನ್ ಬಡಾವಣೆಗಳ ನಮ್ಮಂಥವರು. ತನಿಯ ತನ್ನ ರೂಮಿನ ಐತಪ್ಪನನ್ನು ತೋರಿಸಿದ. ಮಂಚದ ಮೇಲೆ ಕುಳಿತಿದ್ದ, ಪಾದಗಳು ಊದಿದ್ದವು. ಆಸ್ಪತ್ರೆಗೆ ಹೋದರೆ ರಜೆ ಬರೆಯುತ್ತಾರೆ, ರಜೆ ಬರೆದರೆ ಊರಿಗೆ ಕಳಿಸುತ್ತಾರೆ ಎಂಬ ಹೆದರಿಕೆ ಅವನಿಗೆ. "ಡಾಕ್ಟರೇ ಇಲ್ಲಿಗೆ ಬಂದರೆ ತೋರಿಸ್ತಾನಂತೆ. ನಮ್ಮ ರೂಮಲ್ಲಿ ಇಂಥವರು ಮೂರು ಜನ ಉಂಟು."

ತಪಾಸಣೆ ಎಲ್ಲಿ ನಡೆಯಬೇಕೆಂದು ತೀರ್ಮಾನಿಸುವವರು ಅಧ್ಯಕ್ಷರು, ಅಧ್ಯಕ್ಷರನ್ನು ತೀರ್ಮಾನಿಸುವವರು ಸದಸ್ಯರು ಎಂದೆ. ಇದು ಕೇವಲ ನಿಯಮದ ವಿವರಣೆ.

ರಾತ್ರಿಯೂಟದ ವೇಳೆ ಐತಪ್ಪನ ವಿಷಯ ಹೇಳಿದೆ. ಜರ್ಟ್ರೂಡ್ ನರ್ಸ್. "ಬಿ.ಪಿ. ನೋಡುವುದು ನನ್ನ ಚೀಲದಲ್ಲೇ ಉಂಟು. ಮುಂದಿನ ಶುಕ್ರವಾರ ನಾನೂ ಬರ್ತೇನೆ" ಎಂದಳು. ಅಂಥದ್ದು ಸಮಿತಿಯ ನಿರ್ಣಯವಾಗಿ ಬರಬೇಕು, ವ್ಯಕ್ತಿಗಳು ಮುನ್ನುಗ್ಗಿದರೆ ಪದ್ಧತಿ ಕೆಡುತ್ತದೆ ಎಂದೆ. ಅವಳು ಅನ್ನ ಬಡಿಸಿದಳು.

ಶುಕ್ರವಾರ, ೬ ಮಾರ್ಚ್

ಸ್ಪರ್ಧೆಯೇ ಇಲ್ಲದ ಚುನಾವಣೆಯಲ್ಲಿ ಅಂಚೆ ಮತದ ಪ್ರಯೋಗ ಅರ್ಥಹೀನ. ಒತ್ತಡವಿಲ್ಲದ ಕೊಳವೆಗೆ ಗೇಜು ಹಾಕಿದಂತೆ. ಇದನ್ನು ತನಿಯನಿಗೆ ವಿವರಿಸಿದೆ. ಅವನು ಒಪ್ಪಲಿಲ್ಲ. "ಆಲ್ಬರ್ಟ್ ಸಾರ್ ಎದುರಿಗೆ ನಾನಾ? ಬೇಡ ಪೊರ್ಬುಲೆ. ನನಗೆ ಡಾಕ್ಟರು ಸಾಕು." ಎರಡನೆಯ ಬಾರಿ ವಿವರಿಸಿದಾಗ ತಲೆ ಕೆರೆದುಕೊಂಡ. ಮೂರನೆಯ ಬಾರಿಗೆ ನಾಮಪತ್ರಕ್ಕೆ ಸಹಿ ಹಾಕಿದ. ಉಳಿದುದನ್ನು ಅವನಿಗೆ ಅನುಕೂಲವಾಗಲೆಂದು ನಾನೇ ತುಂಬಿದೆ.

ಚಿಹ್ನೆ: ಆಲ್ಬರ್ಟ್‌ಗೆ ದೀಪ, ತನಿಯನಿಗೆ ಏಣಿ.

ಭಾನುವಾರ, ೧೫ ಮಾರ್ಚ್

ಮತಪತ್ರಗಳನ್ನು ಅಂಚೆಗೆ ಹಾಕಿದೆ. ಈ ದೇಶದಲ್ಲಿ ಅಂಚೆಯವನು ಮನೆಗೆ ಬರುವುದಿಲ್ಲ. ಪತ್ರಗಳೆಲ್ಲ ಅಂಚೆ ಕಚೇರಿಯ ಪೆಟ್ಟಿಗೆಗಳಿಗೆ, ಪೆಟ್ಟಿಗೆಗಳು ಕಂಪನಿಗಳಿಗೆ ಸೇರಿದವು. ಆದ್ದರಿಂದ ಕ್ಯಾಂಪಿನ ಎಲ್ಲ ಸದಸ್ಯರಿಗೂ ಒಂದೇ ಪೆಟ್ಟಿಗೆಯ ಸಂಖ್ಯೆ ಬರೆಯಬೇಕಾಯಿತು. ವಿಳಾಸ ಬರೆಯಲು ಕುಳಿತ ನಟಾಶಾ ಅರ್ಧದಲ್ಲಿ ಕೇಳಿದಳು, "ಇದೆಲ್ಲ ಒಬ್ಬನೇ ಮನುಷ್ಯನಿಗಾ?"

ಒಳಲಕೋಟೆ ಇರುವವರೆಗೆ ದಾರಿ ಯಾವುದಾದರೇನು ಎಂದು ಅವಳಿಗೆ ತಿಳಿಸಿದೆ.

ಗುರುವಾರ, ೨೬ ಮಾರ್ಚ್

ಕ್ಯಾಂಪಿನ ಲಕೋಟೆಗಳೆಲ್ಲ ಒಂದೇ ಕಟ್ಟಿನಲ್ಲಿ ಬಂದವು, ಒಂದೂ ಬಿಡದೆ. ಹನ್ನೊಂದು ವರ್ಷಗಳಲ್ಲಿ ಇಂಥ ಪ್ರಮಾಣ ಇಲ್ಲ. ಸಹಿಗಳೆಲ್ಲ ಬಲಕ್ಕೆ ವಾಲಿ, ಓದಲು ಸುಲಭವಾಗಿದ್ದವು. ಕಾರ್ಮಿಕರಲ್ಲಿ ಇಂಥ ಶಿಸ್ತನ್ನು ನಿರೀಕ್ಷಿಸಿರಲಿಲ್ಲ. ಮನಸ್ಸಿಗೆ ಹಿತವಾಯಿತು, ಇದನ್ನು ಮನವಿಯಲ್ಲಿ ಸೇರಿಸಬೇಕು ಎಂದುಕೊಂಡೆ.

ಸಂಜೆ ತನಿಯನ ಫೋನ್.

"ಪೊರ್ಬುಲೆ, ನನ್ನ ಕಾಗದ ಇನ್ನೂ ಬರ್ಲಿಲ್ಲ."

ನಿಮ್ಮ ಲಕೋಟೆ ನನ್ನ ಎದುರಿಗೇ ಇದೆ, ಸಹಿಯೂ ಇದೆ ಎಂದೆ.

"ನನ್ನ ಸಹಿಯಾ? ಚಂದ ಉಂಟಾ?"

"ಸ್ಪಷ್ಟವಾಗಿದೆ."

"ಹಾಗಾದರೆ ನನ್ನದಲ್ಲ."

ಅರ್ಧ ಗಂಟೆಯ ಬಳಿಕ ಮತ್ತೆ ಅವನೇ. ಕ್ಯಾಂಪಿನ ಮೇಲ್ವಿಚಾರಕ, ಮಲಯಾಳಿ ಜೇಕಬ್‌ನನ್ನು ಕೇಳಿ ಬಂದಿದ್ದ. ಕಂಪನಿಯ ಪೆಟ್ಟಿಗೆಯಿಂದ ಟಪಾಲು ತರುವವನು ಜೇಕಬ್. "ನಾನು ಯಾರಿಗೆ ಹಾಕಿದ್ದೇನೆ ಜೇಕಬೇಟ್ಟಾ ಅಂತ ಕೇಳಿದೆ. 'ಒಳ್ಳೆಯವರಿಗೆ. ಖಲಾಸ್' ಅಂದ." ಹೇಳಿ ತನಿಯ ನಗುತ್ತಿದ್ದ. ನನಗೆ ನಗು ಬರಲಿಲ್ಲ.

ಗೇಜು ತಪ್ಪು ತೋರಿಸಿದರೆ ಮೊದಲು ಗೇಜನ್ನು ಬಿಚ್ಚಬೇಡಿ, ಅದಕ್ಕೆ ಬರುವ ಕೊಳವೆಯನ್ನು ನೋಡಿ ಎಂದು ಕಿರಿಯರಿಗೆ ಹೇಳುತ್ತ ಬಂದವನು ನಾನು.

ಶುಕ್ರವಾರ, ೨೭ ಮಾರ್ಚ್

ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಪಾರ್ಕಿಂಗಿನಲ್ಲಿ ಆಲ್ಬರ್ಟ್‌ರನ್ನು ನಿಲ್ಲಿಸಿ ಕೇಳಿದೆ. ಅವರು ಅಲ್ಲಗಳೆಯಲಿಲ್ಲ. ಕಾರಿನ ಬಾಗಿಲು ತೆರೆದು ಏಸಿ ಹಾಕಿ, ಒಳಗೆ ಕುಳಿತುಕೊಳ್ಳಿ ಎಂದರು. ನಾನು ನಿಂತೇ ಇದ್ದೆ.

"ಜೇಕಬ್ ಸ್ವಲ್ಪ ಸಹಾಯ ಮಾಡಿದ್ದಾನೆ ಬಾಬ್. ಹುಡುಗರು ದಣಿದು ಬರ್ತಾರೆ. ಲಕೋಟೆಯೊಳಗೆ ಲಕೋಟೆ ಹಾಕುವ ತಲೆಬಿಸಿ ಅವರಿಗೆ ಯಾಕೆ? ಅವರ ಮನಸ್ಸು ನನಗೆ ಗೊತ್ತುಂಟು."

"ಗೊತ್ತಿದ್ದರೆ ಚುನಾವಣೆ ಏಕೆ?"

"ಅದನ್ನೇ ಅಲ್ಲವಾ ನಾನು ಹನ್ನೊಂದು ವರ್ಷದಿಂದ ಹೇಳುವುದು." ನಕ್ಕರು. "ಪರ್ಸೆಂಟೇಜ್ ನೋಡಿ. ದೆಹಲಿಯವರು ಬಾಯಿ ಬಿಡ್ತಾರೆ. ಇದರಿಂದ ನಮಗೆ ಅಂಚೆ ಮತ ಸಿಕ್ಕಿದರೆ ಆ ಹುಡುಗರಿಗೂ ಒಳ್ಳೆಯದೇ."

ಒಬ್ಬನ ಮನಸ್ಸನ್ನು ಇನ್ನೊಬ್ಬ ತಿಳಿದಿದ್ದೇನೆ ಎನ್ನುವುದಕ್ಕಿಂತ ದೊಡ್ಡ ಅಹಂಕಾರವಿಲ್ಲ. ಅವರಿಗೆ ಹೇಳಲಿಲ್ಲ, ಇಲ್ಲಿ ಬರೆದಿಡುತ್ತೇನೆ.

ಶುಕ್ರವಾರ, ೩ ಏಪ್ರಿಲ್

ಸಮಿತಿಯಲ್ಲಿ ಮೊದಲ ಮತದಾನವನ್ನು ರದ್ದು ಮಾಡಿದ್ದೇನೆಂದು ತಿಳಿಸಿದೆ. ಆಲ್ಬರ್ಟ್, "ಅಧಿಕಾರಿ ಹೇಳಿದ ಮೇಲೆ ಮುಗಿಯಿತು" ಎಂದು ಗೋಳಿಬಜೆಯ ತಟ್ಟೆಯನ್ನು ನನ್ನತ್ತ ತಳ್ಳಿದರು.

ಕ್ಯಾಂಪಿನವರಿಗೆ ಕಂಪನಿಯದಲ್ಲದ ವಿಳಾಸ ಬೇಕು. ನನ್ನ ಹೆಸರಿನಲ್ಲಿ ಅಂಚೆ ಪೆಟ್ಟಿಗೆಯೊಂದನ್ನು ಬಾಡಿಗೆಗೆ ಹಿಡಿದೆ. ಇನ್ನು ಮುಂದೆ ಅವರೆಲ್ಲರ ವಿಳಾಸ ಅದೇ. ಪತ್ರಗಳನ್ನು ನಾನೇ ಅಂಚೆಗೆ ಹಾಕಿ, ನಾನೇ ಪಡೆದು, ನಾನೇ ಕ್ಯಾಂಪಿಗೆ ಒಯ್ದು, ತುಂಬಿದ ಮೇಲೆ ನಾನೇ ಮರಳಿ ತರುವುದು. ಈ ಬಾರಿ ದಾರಿಯುದ್ದಕ್ಕೂ ನಂಬಲರ್ಹರಲ್ಲದವರ ಕೈ ಸೋಕುವುದಿಲ್ಲ.

ಅಂಚೆ ಕಚೇರಿಯ ಗುಮಾಸ್ತ ನನ್ನ ಹೆಸರನ್ನೂ ಲಕೋಟೆಗಳ ರಾಶಿಯನ್ನೂ ನೋಡಿ, "ಯು ಟು ಯು?" ಎಂದು ಕೇಳಿದ.

ಶುಕ್ರವಾರ, ೧೦ ಏಪ್ರಿಲ್

ಇಂದು ಶುಭ ಶುಕ್ರವಾರ. ಜರ್ಟ್ರೂಡ್ ಮತ್ತು ನಟಾಶಾ ಇಗರ್ಜಿಗೆ ಹೋದರು. ನಾನು ಕ್ಯಾಂಪಿಗೆ ಹೋದೆ. ಕೆಲಸಗಾರರು ಸಿಗುವುದು ಶುಕ್ರವಾರ ಮಾತ್ರ. "ಇವತ್ತೂ?" ಎಂದಳು ಜರ್ಟ್ರೂಡ್. ಇವತ್ತೂ ಎಂದೆ. ಹಿಂದೆ ಈ ದಿನ ಯಾವತ್ತೂ ತಪ್ಪಿಸಿಲ್ಲ ಎಂದು ಅವಳು ನೆನಪಿಸಬೇಕಾಗಿರಲಿಲ್ಲ.

ಐವತ್ತಕ್ಕೂ ಹೆಚ್ಚು ಜನ ಮತ ಹಾಕಿದರು. ತನಿಯನ ತಂಡ ಓವರ್‌ಟೈಮಿಗೆ ಹೋಗಿತ್ತು, ಅವರ ಮತ ಕೊನೆಯ ಸಂಗ್ರಹಕ್ಕೆ ಉಳಿಯಿತು. ಸಹಿಯ ನಿಯಮವನ್ನು ಸಡಿಲಿಸಿದ್ದೇನೆ: ಕೆಲವರದು ಹೆಬ್ಬೆಟ್ಟು, ಕೆಲವರದು ದಿನಕ್ಕೊಂದು ಸಹಿ. ಮೊದಲ ಸುತ್ತಿನಲ್ಲಿ ಸಹಿಯಿಂದ ಏನು ಉಪಯೋಗವಾಯಿತೆಂದು ಕಂಡಿದ್ದೇವೆ. ಸದಸ್ಯ ಸಂಖ್ಯೆ ಸಾಕು.

ಎರಡೂ ಚಿಹ್ನೆಗಳನ್ನು ಎಲ್ಲರಿಗೂ ತೋರಿಸಿದೆ. ಏಣಿ ಕೆಳಗೆ ಅಚ್ಚಾಗಿರುವುದರಿಂದ ಕಣ್ಣು ತಪ್ಪುವ ಸಂಭವ ಹೆಚ್ಚು. ಸಮಾನತೆಯ ದೃಷ್ಟಿಯಿಂದ ಅದನ್ನು ಎರಡು ಬಾರಿ ತೋರಿಸಬೇಕಾಯಿತು.

ವಾಪಸ್ ಬರುವಾಗ ಬೆನ್ನಿ ಹೇಳಿದ, "ಬಾಬ್, ನೀವು ಏಣಿ ಅನ್ನುವಾಗ ಸ್ವರ ಬೇರೆಯೇ ಆಗ್ತದೆ."

ಕಾರಿನ ಏಸಿಯ ಸದ್ದಿನಲ್ಲಿ ಅವನಿಗೆ ಹಾಗೆ ಕೇಳಿಸಿರಬೇಕು.

ಶುಕ್ರವಾರ, ೧೭ ಏಪ್ರಿಲ್

ಬಿಸಿಗಾಳಿ. ಐತಪ್ಪನಿಗೆ ಶೂ ಹಿಡಿಸುತ್ತಿಲ್ಲ. ಚಪ್ಪಲಿಯಲ್ಲಿ ಸೈಟಿಗೆ ಬಿಡುವುದಿಲ್ಲವೆಂದು ಶೂವಿನ ಹಿಂಭಾಗವನ್ನು ಕತ್ತರಿಸಿಕೊಂಡಿದ್ದಾನೆ. "ಎಲೆಕ್ಷನ್ ಯಾವಾಗ ಮುಗೀತದೆ ಪೊರ್ಬುಲೆ?" ಎಂದು ಕೇಳಿದ. ಬೇಗ ಎಂದೆ.

ಜರ್ಟ್ರೂಡ್ ಮತ್ತೆ ತನ್ನ ಬಿ.ಪಿ. ಯಂತ್ರದ ಮಾತು ತೆಗೆದಳು. ತನಿಯ ಗೆದ್ದ ಮರುದಿನವೇ ಡಾಕ್ಟರರ ತಂಡವೇ ಹೋಗಲಿದೆ, ಈಗ ಹೋದರೆ ಪ್ರಚಾರದಂತೆ ಕಾಣುತ್ತದೆ ಎಂದೆ. "ತನಿಯ ಗೆದ್ದ ಮರುದಿನ ಎಂದಿರಿ" ಎಂದಳು. ಗೆದ್ದರೆ ಎಂಬ ಅರ್ಥದಲ್ಲಿ.

ನಾಳೆಗೆ ಮೀನು ಯಾವುದೆಂದು ಕೇಳಿದಾಗ ಅಂಜಲ್ ಎಂದೆನಂತೆ. ಅವಳೂ ನಟಾಶಾಳೂ ಮುಖ ಮುಖ ನೋಡಿಕೊಂಡರು. ನನಗೆ ನೆನಪಿಲ್ಲ.

ಶನಿವಾರ, ೨೫ ಏಪ್ರಿಲ್

ತನಿಯನೂ ಸೇರಿ ಅವನ ತಂಡದ ಮೂವತ್ತು ಜನರನ್ನು ಉತ್ತರ ತುದಿಯ ರಾಸ್ ಲಫಾನ್ ಅನಿಲ ಸ್ಥಾವರದ ಸೈಟಿಗೆ ಕಳಿಸಿದ್ದಾರೆ, ಎರಡು ವಾರಕ್ಕೆ. ತುರ್ತು ಕೆಲಸವೆಂದು ಜೇಕಬ್ ಹೇಳಿದ. ತುರ್ತು ಏನೆಂದು ಯಾರಿಗೆ ಗೊತ್ತಿಲ್ಲ? ಅಲ್ಲಿಗೆ ಹೊರಗಿನವರಿಗೆ ಪ್ರವೇಶವಿಲ್ಲ, ಫೋನ್ ಒಳಗೆ ಒಯ್ಯುವಂತಿಲ್ಲ. ಅವರ ಲಕೋಟೆಗಳು ಖಾಲಿಯಾಗಿ ನನ್ನ ಬಳಿ ಉಳಿದಿವೆ.

ಎಣಿಕೆಯ ದಿನ ಬೆಳಿಗ್ಗೆ ಕ್ಯಾಂಪಿನ ಗೇಟಿನಲ್ಲಿ ಕೊನೆಯ ಬಾರಿ ಲಕೋಟೆ ಸಂಗ್ರಹಿಸುವುದೆಂದು ಮೊದಲೇ ಸಾರಿದ್ದೇನೆ. ಆದರೆ ಅಷ್ಟರೊಳಗೆ ಅವರನ್ನು ಬಿಡುವರೆಂದು ನಂಬಲು ಆಧಾರವಿಲ್ಲ.

ಗುರುವಾರ, ೩೦ ಏಪ್ರಿಲ್

ಇಂದು ಊರಿನಲ್ಲಿ ಮತದಾನ. ಅಣ್ಣ ರಸೆಲ್ ಫೋನ್ ಮಾಡಿದ್ದ. "ನಿನ್ನ ಹೆಸರು ಪಟ್ಟಿಯಿಂದ ಇನ್ನೂ ತೆಗೆದಿಲ್ಲ ಮಾರಾಯ. ನಾನು ಹೋಗುವಾಗ ನಿನ್ನ ಓಟು ಬಿದ್ದಾಗಿತ್ತು."

ಯಾರು ಹಾಕಿದರು?

"ಯಾರೋ ಹಾಕಿದ್ದಾರೆ. ನೀನು ದೋಹಾದಲ್ಲಿದ್ದಿ, ಹಾಳಾಗುವುದು ಬೇಡ ಅಂತ ಇರಬೇಕು. ಯಾಕೆ ಬೊಬ್ಬೆ ಹೊಡೆಯುತ್ತಿ? ನೀನಾದರೂ ಯಾರಿಗೆ ಹಾಕ್ತಿದ್ದಿ, ಹೇಳು ನೋಡುವ."

ನಾನು ಬೊಬ್ಬೆ ಹೊಡೆಯಲಿಲ್ಲ, ಸ್ವರ ಎತ್ತರಿಸಿದ್ದಿರಬಹುದು. ನಾನು ಅಲ್ಲಿಲ್ಲ ಎಂಬುದು ನನ್ನ ಕೈಯನ್ನು ಬಳಸಲು ಇನ್ನೊಬ್ಬನಿಗೆ ಪರವಾನಗಿಯಲ್ಲ. ನನ್ನ ಮನಸ್ಸಿನಲ್ಲಿ ಏನಿದೆಯೆಂದು ಆ ಅಪರಿಚಿತನಿಗೆ ಹೇಗೆ ತಿಳಿಯಿತು? ನನ್ನ ಮೌನವನ್ನು ಖಾಲಿ ಜಾಗವೆಂದುಕೊಂಡನೇ? ಇದು ಕಳವು. ಕಳವಿಗಿಂತ ಹೆಚ್ಚಿನದು. ಕಳೆದ ವಸ್ತು ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ.

ಸಂಜೆಯವರೆಗೂ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಸೋಮವಾರ, ೪ ಮೇ

ಸ್ಥಾವರದಲ್ಲಿ ಒಂದು ಪದ್ಧತಿಯಿದೆ. ಯಾವುದೋ ಗಂಟೆಯ ರೀಡಿಂಗ್ ತಪ್ಪಿಹೋದರೆ ಆ ಜಾಗವನ್ನು ಖಾಲಿ ಬಿಡುವುದಿಲ್ಲ. ಹಿಂದಿನ ಗಂಟೆಯದನ್ನೂ ಮುಂದಿನದನ್ನೂ ನೋಡಿ ನಡುವಿನದನ್ನು ಅಂದಾಜಿಸಿ ತುಂಬುತ್ತೇವೆ. ಇದು ಸುಳ್ಳಲ್ಲ, ಖಾಲಿ ಬಿಡುವುದೇ ದೊಡ್ಡ ಸುಳ್ಳು, ಏಕೆಂದರೆ ನೀರು ಆ ಗಂಟೆಯೂ ಹರಿದಿದೆ.

ಆ ಮೂವತ್ತು ಜನರ ಮನಸ್ಸು ನನಗೆ ತಿಳಿದಿದೆ. ಅವರಲ್ಲಿ ಅಭ್ಯರ್ಥಿಯೇ ಒಬ್ಬ. ಅವರ ಗೈರುಹಾಜರಿ ಅವರ ಇಚ್ಛೆಯಲ್ಲ, ಇನ್ನೊಬ್ಬರ ಹೂಟ. ಲಕೋಟೆಗಳನ್ನು ಖಾಲಿ ಬಿಟ್ಟರೆ ಆ ಹೂಟಕ್ಕೆ ಸಹಕರಿಸಿದಂತೆ.

ಮಧ್ಯಾಹ್ನ ಮೂವತ್ತನ್ನೂ ಪೂರ್ಣಗೊಳಿಸಿದೆ. ಇನ್ನು ಬರಬೇಕಾದ ಮತ ಕ್ಯಾಂಪಿನಲ್ಲಿ ಇಲ್ಲವಾದ್ದರಿಂದ ಶುಕ್ರವಾರ ಬೆಳಿಗ್ಗೆ ಗೇಟಿಗೆ ಹೋಗುವ ಅಗತ್ಯವಿಲ್ಲ.

ಶುಕ್ರವಾರ, ೮ ಮೇ

ಎಣಿಕೆ ಬಿನ್ ಒಮ್ರಾನಿನಲ್ಲಿ. ತನಿಯ ಇಪ್ಪತ್ತೆರಡು ಮತಗಳ ಅಂತರದಿಂದ ಗೆದ್ದಿದ್ದಾನೆ. ಆಲ್ಬರ್ಟ್ ಎದ್ದು ಬಂದು ನನ್ನ ಕೈ ಕುಲುಕಿದರು. "ಅಭಿನಂದನೆಗಳು, ಗೇಬ್ರಿಯಲ್ ಬಾಬ್."

ಗೆದ್ದವನು ನಾನಲ್ಲ ಎಂದೆ.

"ಹೌದಾ?" ಎಂದರು.

ಮಾಲೆ ತಂದಿದ್ದ ಬೆನ್ನಿ ಅದನ್ನು ಯಾರಿಗೆ ಹಾಕುವುದೆಂದು ತಿಳಿಯದೆ ಕುರ್ಚಿಯ ಮೇಲಿಟ್ಟ. ಹೊಸ ಅಧ್ಯಕ್ಷರಿಗೆ ಸಭೆಗೆ ಬರಲು ಬಸ್ಸಿರಲಿಲ್ಲ.

ಮಂಗಳವಾರ, ೧೨ ಮೇ

ದೆಹಲಿಗೆ ಮನವಿ ರವಾನೆ. "ನಮ್ಮ ಬಳಗದ ಅನುಭವದಲ್ಲಿ ಅಂಚೆ ಮತದಾನವು ದೂರದ ದುಡಿಮೆಗಾರನ ನಿಜವಾದ ಇಚ್ಛೆಯನ್ನು ಯಾವ ವಿರೂಪವೂ ಇಲ್ಲದೆ ದಾಖಲಿಸಿದೆ." ಕಾಮಾಗಳನ್ನು ಪರೀಕ್ಷಿಸಿದೆ.

ಶುಕ್ರವಾರ, ೧೫ ಮೇ

ಬೆನ್ನಿ ತನಿಯನನ್ನು ಮನೆಗೆ ಕರೆತಂದ. ಸೋಫಾದ ಅಂಚಿನಲ್ಲಿ ಕುಳಿತುಕೊಂಡ. ಜರ್ಟ್ರೂಡ್ ಚಹಾ ತಂದಳು. ಅಧ್ಯಕ್ಷರೇ ಎಂದು ನಾನು ಕೈ ಮುಗಿದೆ.

"ಅದನ್ನೇ ಕೇಳಲಿಕ್ಕೆ ಬಂದೆ ಪೊರ್ಬುಲೆ. ಅದು ಹೇಗಾಯ್ತು?"

ಬಹುಮತದಿಂದ ಎಂದೆ.

ಅವನು ಚಹಾವನ್ನು ನೋಡುತ್ತ ಹೇಳಿದ. ರಾಸ್ ಲಫಾನಿಗೆ ಆಲ್ಬರ್ಟ್ ಬಂದಿದ್ದರಂತೆ. ಸೈಟು ನೋಡಿ, ಊಟಕ್ಕೆ ಇವರ ಜೊತೆಯೇ ಕುಳಿತರಂತೆ. "ನಾನೇ ಹೇಳಿದೆ, ಸಾರ್, ನನಗೆ ಕುರ್ಚಿ ಬೇಡ, ಡಾಕ್ಟರನ್ನು ಕ್ಯಾಂಪಿಗೆ ಕಳಿಸಿ ಸಾಕು ಅಂತ. ಅವರು ಸ್ವಲ್ಪ ಯೋಚಿಸಿದರು. ಆಗ್ತದೆ, ಈ ತಿಂಗಳೇ ಕಳಿಸುವ ಅಂದರು. ನಾನು ನಮ್ಮವರಿಗೆಲ್ಲ ಹೇಳಿದೆ, ದೀಪಕ್ಕೇ ಹಾಕುವ, ಕೆಲಸ ಆಯ್ತಲ್ಲ ಅಂತ. ಓಟಿಗೆ ಅಂತಲೇ ಗುರುವಾರ ಬಸ್ಸೂ ಕೊಟ್ಟರು. ಶುಕ್ರವಾರ ಬೆಳಿಗ್ಗೆ ಮೂವತ್ತೂ ಜನ ಗೇಟಿನಲ್ಲಿ ನಿಮ್ಮನ್ನು ಕಾದೆವು. ಹತ್ತು ಗಂಟೆಗೆ ಐತಪ್ಪನಿಗೆ ನಿಲ್ಲಲಿಕ್ಕಾಗ್ಲಿಲ್ಲ, ಒಳಗೆ ಹೋದ."

ಬೆನ್ನಿ ಕಿಟಕಿಯ ಹೊರಗೆ ನೋಡುತ್ತಿದ್ದ.

"ಡಾಕ್ಟರು?" ಎಂದು ಜರ್ಟ್ರೂಡ್ ಕೇಳಿದಳು.

"ಮೊನ್ನೆ ಕೇಳಿದೆ ಅಕ್ಕಾ. ಈಗ ಅಧ್ಯಕ್ಷ ನೀನಲ್ಲವಾ, ನೀನೇ ತರಿಸು ಅಂದರು ಸಾರ್. ಸಿಟ್ಟಿನಿಂದಲ್ಲ, ನಗುತ್ತಲೇ ಅಂದರು." ಚಹಾ ಮುಗಿಸಿ ಲೋಟವನ್ನು ಕೆಳಗಿಟ್ಟ. "ಪೊರ್ಬುಲೆ, ನನ್ನ ಕಾಗದ ಈ ಸಲವೂ ನಾನು ನೋಡ್ಲಿಲ್ಲ. ನಾನು ಯಾರಿಗೆ ಹಾಕಿದ್ದೇನೆ?"

ಬಾಯಿಗೆ ಬಂದದ್ದನ್ನು ಹೇಳಿದೆ.

"ಒಳ್ಳೆಯವರಿಗೆ."

ತನಿಯ ಮೆಲ್ಲಗೆ ನಕ್ಕ. "ಈ ಸಲ ಸಹಿ ಇರ್ಲಿಲ್ಲ ಅಲ್ಲವಾ. ಅದೊಂದು ಒಳ್ಳೆದಾಯ್ತು."

ಅವರು ಹೋದ ಮೇಲೆ ಜರ್ಟ್ರೂಡ್ ತನ್ನ ಚೀಲವನ್ನು ತಂದು ಮೇಜಿನ ಮೇಲಿಟ್ಟು, "ಮುಂದಿನ ಶುಕ್ರವಾರ ನಾನು ಹೋಗ್ತೇನೆ. ನಿರ್ಣಯ ಆದರೂ ಆಗದಿದ್ದರೂ" ಎಂದಳು.

ಗುರುವಾರ, ೨೧ ಮೇ

ಅವಳ ಬಿ.ಪಿ. ಯಂತ್ರವನ್ನು ಕೆಲಸದ ಸ್ಥಳಕ್ಕೆ ಒಯ್ದು ಪರೀಕ್ಷಿಸಿದೆ. ಎಂಟು ಅಂಶ ಹೆಚ್ಚು ತೋರಿಸುತ್ತಿತ್ತು. ತಿದ್ದಿದೆ.

ಶುಕ್ರವಾರ, ೨೨ ಮೇ

ಬೆನ್ನಿಯ ಕಾರಿನಲ್ಲಿ ಮೂವರೂ ಹೋದೆವು. ಒಗೆಯುವ ಕಟ್ಟೆಯ ನೆರಳಿನಲ್ಲಿ ಎರಡು ಕುರ್ಚಿ. ಜರ್ಟ್ರೂಡ್ ಕಿವಿಗೆ ಸ್ಟೆತಾಸ್ಕೋಪ್ ಹಾಕಿ ಅಂಕಿಗಳನ್ನು ಹೇಳುವುದು, ನಾನು ಚೀಟಿಯಲ್ಲಿ ಬರೆದು ಕೊಡುವುದು. ಮೊದಲ ಕುರ್ಚಿ ಐತಪ್ಪನಿಗೆ. ಅವಳು ಅಂಕಿ ಹೇಳಲಿಲ್ಲ. ಪಟ್ಟಿ ಬಿಚ್ಚದೆ ಇನ್ನೊಮ್ಮೆ ನೋಡಿದಳು. "ಬೆನ್ನಿ, ಇವರನ್ನು ಈಗಲೇ ಆಸ್ಪತ್ರೆಗೆ ಒಯ್ಯಿ. ಊರಿಗೆ ಕಳಿಸ್ತಾರೋ ಬಿಡ್ತಾರೋ ಆಮೇಲೆ ನೋಡುವ" ಎಂದಳು. ಐತಪ್ಪ ತನಿಯನ ಮುಖ ನೋಡಿದ. ತನಿಯ ತಲೆಯಾಡಿಸಿದ. ಐತಪ್ಪ ಎದ್ದ.

ಸಾಲು ಬೆಳೆಯಿತು. ಜೇಕಬ್ ಕೂಡ ನಿಂತಿದ್ದ, ತೋಳು ಮಡಚಿಕೊಂಡು, ಯಾರ ಮುಖವನ್ನೂ ನೋಡದೆ. ಸಮಿತಿಯ ಅನುಮತಿ ಉಂಟಾ ಎಂದು ಒಬ್ಬರೂ ಕೇಳಲಿಲ್ಲ.

ತನಿಯ ಕೊನೆಗೆ ಬಂದ. ಗಟ್ಟಿಮುಟ್ಟಾದ ಆಳು, ಅಷ್ಟು ಹೊತ್ತಿಗೆ ಜರ್ಟ್ರೂಡ್ ನೀರು ಕುಡಿಯಲು ಎದ್ದಿದ್ದಳು. ಚೀಟಿಯ ಮೇಲೆ ಅವನ ಹೆಸರು ಬರೆದು, ಇಂಥವರಿಗೆ ಸಾಮಾನ್ಯವಾಗಿ ಇರುವ ರೀಡಿಂಗಿನ ಮೊದಲ ಅಂಕಿಗೆ ನನ್ನ ಪೆನ್ನು ಇಳಿದಿತ್ತು.

ಅವನು ಅಂಗಿಯ ತೋಳು ಮಡಚಿ ಕೈಯನ್ನು ಮೇಜಿನ ಮೇಲೆ, ಚೀಟಿಯ ಮೇಲೆಯೇ, ಚಾಚಿದ.

"ನೋಡಿಯೇ ಬರೆಯಿರಿ ಪೊರ್ಬುಲೆ."

ನೋಡಿ ಬರೆದೆ.